ಕೊಸರಿಗೆ ಬಂದ ರಬ್ಬರು

ನೀರಿನೊಳಗೆ ಉಸಿರಾಡುವ ಯಂತ್ರ ಕೊಳ್ಳುವ ಪ್ರಸಂಗ ನಿಮಗೆ ಬರಲಿಕ್ಕಿಲ್ಲ. ಬಂದರೆ ಅದರ ಹೊಳಪು ನೋಡಬೇಡಿ, ರಬ್ಬರು ನೋಡಿ. ಅಂಗಡಿಯ ಬೆಚ್ಚಗಿನ ಗಾಳಿಯಲ್ಲಿ ನೋಡಬೇಡಿ, ಬರ್ಫದ ಗಡ್ಡೆ ಹಾಕಿದ ನೀರಲ್ಲಿ ಅದ್ದಿ ನೋಡಿ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಯಾಕೆ ಅಂತ ಗೊತ್ತಾಗದೆ ಕೇಳಿದ ಬುದ್ಧಿಮಾತು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅದಕ್ಕಾಗಿ ಪೂರ್ತಿ ಬರೆಯುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಗೋಕಾಕದಲ್ಲಿ ನನ್ನದು ಪಂಪು, ಪೈಪು, ವಾಶರುಗಳ ಅಂಗಡಿ. ಹುಕ್ಕೇರಿ ಕಡೆಯ ಒಂದು ಕೆರೆಯ ತೂಬು ಮುಚ್ಚಿದ್ದು ಮುಚ್ಚಿಯೇ ಕೂತಿತ್ತು. ಮಳೆಗಾಲದಲ್ಲಿ ತೇಲಿ ಬಂದ ದೊಡ್ಡದೊಂದು ಮರ ನೀರು ಕುಡಿದು ಮುಳುಗಿ, ಬೇರುಸಮೇತ ತೂಬಿನ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಮೇಲಿಂದ ತಿರುಪು ತಿರುಗಿಸಿದರೆ ಕಬ್ಬಿಣದ ಸರಳು ಬಾಗುತ್ತಿತ್ತು, ಬಾಗಿಲು ಏಳುತ್ತಿರಲಿಲ್ಲ. ಕೆರೆಯ ತುಂಬ ನೀರಿದ್ದರೂ ಕೆಳಗಿನ ಕಾಲುವೆಯಲ್ಲಿ ಹಲ್ಲಿ ಓಡಾಡುತ್ತಿತ್ತು. ಮರ ತೆಗೆಸುವ ಕೆಲಸವನ್ನು ಅಲ್ಲಿನ ಇಂಜಿನಿಯರ್ ಸಾಹೇಬರಿಂದ ನಾನು ಹಿಡಿದೆ. ಬಾಗಿಲು ಮುಚ್ಚಿದ್ದೇ ಒಂದು ಅನುಕೂಲ. ತೆರೆದಿದ್ದರೆ ನೀರಿನ ಸೆಳೆತಕ್ಕೆ ಸಿಕ್ಕ ಮನುಷ್ಯ ಅಲ್ಲೇ ಅಂಟಿಕೊಂಡುಬಿಡುತ್ತಾನೆ.

ಇಳಿಯುವವನು ಸಿದ್ಧನಿದ್ದ. ಮೂಡಲಗಿ ಕಡೆ ಘಟಪ್ರಭೆಯಲ್ಲಿ ದೋಣಿ ನಡೆಸುವ ಅಂಬಿಗ. ಬಾವಿಗೆ ಕೊಡ ಬಿದ್ದರೂ, ಎತ್ತಿನ ಕೊರಳಿನ ಗಂಟೆ ಬಿದ್ದರೂ ಸುತ್ತಲಿನ ಹಳ್ಳಿಯವರು ಅವನನ್ನೇ ಕರೆಯುವುದು. ಚಳಿಗಾಲದ ದಿನಗಳು. ಮೊದಲ ದಿನ ಹಾಗೆಯೇ ಉಸಿರು ಕಟ್ಟಿ ಇಳಿದ. ನಾನು ದಡದಲ್ಲಿ ಮೊಣಕಾಲು ನೀರಲ್ಲಿ ನಿಂತಿದ್ದೆ. ಮೇಲೆ ಬಂದಾಗ ಅವನ ದವಡೆ ತಾಳ ಹಾಕುತ್ತಿತ್ತು.

"ಏನಾತೋ?"

"ಮ್ಯಾಲ ನೀರ ಐತ್ರಿ ಸಾವ್ಕಾರ್ರ, ಕೆಳಗ ನೀರ ಅಲ್ಲ. ಹಲ್ಲ ಕಡಿಯೂ ಥಂಡಿ. ಆರಾಳು ಆಳ ಇಳದ ಬೇರಿಗೆ ಕೈ ಹಚ್ಚೂದ್ರಾಗ ಉಸರ ಮುಗೀತೈತಿ."

"ಬೇರು ಎಷ್ಟ ದಪ್ಪ ಐತಿ?"

"ನಿಮ್ಮ ತೊಡಿಯಷ್ಟ."

"ನನ್ನ ತೊಡಿ ಯಾವಾಗ ನೋಡಿದಿ?"

"ಧೋತರಾ ಎತ್ತಿ ನಿಂತೀರಲ್ರಿ, ಕೆರೀನ ನೋಡಾಕತ್ತೈತಿ."

ನಗುತ್ತಿದ್ದನೇ ಹೊರತು ಎರಡನೆಯ ಸಲ ಇಳಿದು ಬಂದಾಗ ಬೆರಳು ಮಡಚಲಿಕ್ಕೆ ಬರಲಿಲ್ಲ. ಆ ಬೇರನ್ನು ಗರಗಸದಿಂದ ಕೊಯ್ಯಬೇಕು. ಉಸಿರು ಕಟ್ಟಿ ಹೋದವನು ಗರಗಸ ಹಿಡಿಯುವುದರೊಳಗೆ ತಿರುಗಬೇಕಾಗುತ್ತದೆ. ಚಳಿಗೆ ಉಸಿರು ಇನ್ನೂ ಮೊಟಕಾಗುತ್ತದೆ.

ಬೊಂಬಾಯಿ ಬಂದರಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುತ್ತಾರೆ ಎಂದು ಹೇಳಿದವರು ಸಾಹೇಬರೇ. ಅಲ್ಲಿಂದ ಮುಳುಗುವವರನ್ನೇ ಕರೆಸೋಣವೆಂದರೆ ಅವರು ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಹತ್ತಿರವಾಗುತ್ತಿತ್ತು. ಯಂತ್ರ ತರುತ್ತೇನೆ, ಇಳಿಯುವವನು ನಮ್ಮವನೇ ಇರಲಿ ಎಂದೆ.

ಹೊರಡುವ ಮುಂಚೆ ಅಂಬಿಗನ ಮನೆಗೆ ಹೋಗಿ ಹೇಳಿ ಬರುವುದು ರೀತಿ. ಅವನ ಹೆಂಡತಿ ಹೊಳೆಯ ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದಳು. ಕೆಲಸ ನಿಲ್ಲಿಸದೆ ಮಾತಾಡಿದಳು.

"ಅಣ್ಣಾರ, ನೀವು ಸಾಮಾನ ಭಾಳ ತಿರುವ್ಯಾಡಿ ನೋಡಿ ತರತೀರಿ ಅಂತ ಸಂತಿ ಎಲ್ಲಾ ಅಂತೈತಿ. ಆದ್ರ ಇದು ಪಂಪಿಗೆ ಕೂಡಸೂದಲ್ಲ, ನನ್ನ ಗಂಡನ ಬಾಯಿಗೆ ಇಡೂದು. ಅದನ್ನ ತಲ್ಯಾಗ ಇಟ್ಕೊಂಡ ಚೌಕಾಸಿ ಮಾಡ್ರಿ. ಒಯ್ದಂಗ ಅವರನ್ನ ತಂದ ಒಪ್ಪಿಸ್ರಿ."

"ಒಪ್ಪಸ್ತೇನವ್ವಾ" ಎಂದೆ. ವ್ಯಾಪಾರದಲ್ಲಿ ನಾನು ಬಹಳ ಮಾತು ಕೊಟ್ಟವನು. ಈ ಮಾತು ರೈಲಿನಲ್ಲಿ ಬೊಂಬಾಯಿಯ ತನಕ ನನ್ನ ಬಾಜೂ ಕೂತು ಬಂತು.

ಬಂದರಿನ ಹತ್ತಿರ ಹಡಗಿನ ಹಳೆ ಸಾಮಾನು ಮಾರುವ ಪೇಟೆ. ಅಲ್ಲೊಂದು ಅಂಗಡಿಯಲ್ಲಿ ಮುದುಕ ಮಾಲೀಕ, ಮೂಲೆಯಲ್ಲಿ ರಿಪೇರಿ ಮಾಡುತ್ತ ಕೂತ ಒಬ್ಬ ಹಳೆಯ ಮುಳುಗುಗಾರ. ಮುಂದಿನ ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಕೊಲ್ಲಾಪುರದ ವ್ಯಾಪಾರದಿಂದ ನನಗೆ ಅದು ನೀರು ಕುಡಿದಷ್ಟು ಸಲೀಸು. ಮೊದಲು ಒಂದು ಪೊಟ್ಟಣ ಕರದಂಟು ಬಿಚ್ಚಿ ಮುಂದಿಟ್ಟೆ. ಬಾಯಿ ತುಂಬಿದ ಮಾಲೀಕ ಗಿರಾಕಿಯನ್ನು ಬೇಗ ಹೊರಗೆ ಹಾಕುವುದಿಲ್ಲ.

ಯಂತ್ರದ ಜೀವವೆಲ್ಲ ಇರುವುದು ರೆಗ್ಯುಲೇಟರಿನಲ್ಲಿ ಎಂದು ಮುಳುಗುಗಾರ ತಿಳಿಸಿದ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿ ತುಂಬಿರುತ್ತಾರೆ. ಅದನ್ನು ನೇರ ಬಾಯಿಗೆ ಬಿಟ್ಟರೆ ಎದೆ ಒಡೆಯುತ್ತದೆ. ರೆಗ್ಯುಲೇಟರೆಂದರೆ ಕತ್ತಿನ ಹಿಂದೆ ಕೂಡುವ, ಉಬ್ಬಿದ ರೊಟ್ಟಿಯಂಥ ಹಿತ್ತಾಳೆಯ ಡಬ್ಬಿ. ಒಳಗೊಂದು ತೆಳುವಾದ ರಬ್ಬರಿನ ಪೊರೆ. ಬಾಯಿಂದ ಉಸಿರೆಳೆದರೆ ಪೊರೆ ಒಳಗೆ ಬಾಗಿ ಒಂದು ಸಣ್ಣ ಸನ್ನೆಕೋಲನ್ನು ಒತ್ತುತ್ತದೆ, ಆ ಸನ್ನೆ ಬೇಕಾದಷ್ಟೇ ಗಾಳಿ ಬಿಡುತ್ತದೆ. ಡಬ್ಬಿಯಿಂದ ಬಾಯಿಗೆ ಎರಡು ನೆರಿಗೆ ನಳಿಕೆಗಳು, ಒಂದರಲ್ಲಿ ಉಸಿರು ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ಹೋಗುವ ದಾರಿಯ ತುದಿಗೆ ಬಾತುಕೋಳಿಯ ಕೊಕ್ಕಿನಂಥ ರಬ್ಬರಿನ ತುಂಡು. ಉಸಿರು ಬಿಟ್ಟಾಗ ಕೊಕ್ಕು ತೆರೆಯುತ್ತದೆ, ಬಿಟ್ಟು ಮುಗಿದ ಕೂಡಲೇ ಮುಚ್ಚಿ ಹೊರಗಿನ ನೀರನ್ನು ತಡೆಯುತ್ತದೆ. ಅಂದರೆ ಇಡೀ ಯಂತ್ರ ಎರಡು ರಬ್ಬರಿನ ಮೇಲೆ ನಿಂತಿದೆ.

ಅಂಗಡಿಯಲ್ಲಿ ಅಂಥವು ಎರಡೇ ಇದ್ದವು. ಒಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸಿಲಿಂಡರಿಗೆ ಜೋಡಿಸಿ ಬಾಯಿಗಿಟ್ಟು ಎಳೆದೆ, ಗಾಳಿ ತಾನಾಗಿ ಬಂತು. ಇನ್ನೊಂದಕ್ಕೆ ಹಸಿರು ಕಿಲುಬು, ಒಂದು ಕಡೆ ತಗ್ಗು ಬಿದ್ದಿತ್ತು. ಎಳೆದರೆ ಸ್ವಲ್ಪ ಬಿಗಿ.

ಇಲ್ಲಿ ನನಗೆ ನೆನಪಾದದ್ದು ನಮ್ಮ ಕೈಪಂಪುಗಳು. ಚಳಿಗಾಲದ ಬೆಳಗ್ಗೆ ಕೌಜಲಗಿಯಲ್ಲಾಗಲಿ ಕುಲಗೋಡದಲ್ಲಾಗಲಿ ಪಂಪು ಬೇಗ ನೀರೆತ್ತುವುದಿಲ್ಲ. ಒಳಗಿನ ವಾಶರು ಚಳಿಗೆ ಸೆಟೆದಿರುತ್ತದೆ. ಮಧ್ಯಾಹ್ನ ನೋಡಿದರೆ ಅದೇ ಪಂಪು ಧೋ ಎನ್ನುತ್ತದೆ. ನಾನು ಈ ಯಂತ್ರ ನೋಡುತ್ತಿರುವುದು ಬೊಂಬಾಯಿಯ ಸೆಕೆಯಲ್ಲಿ. ಅಂಬಿಗ ಇಳಿಯುವುದು ಹಲ್ಲು ಕಡಿಯುವ ನೀರಿಗೆ.

"ಒಂದು ಬಕೀಟು ಕೊಡಿ" ಎಂದೆ. ಬೀದಿಯಲ್ಲಿ ಬರ್ಫ ಹೆರೆದು ಶರಬತ್ತು ಹಾಕಿ ಮಾರುವವನ ಗಾಡಿಯಿಂದ ಒಂದು ಗಡ್ಡೆ ತಂದು ನೀರಿಗೆ ಹಾಕಿ, ಎರಡನ್ನೂ ಮುಳುಗಿಸಿ, ಚಹ ಕುಡಿಯುತ್ತ ಕೂತೆ. ಮಾಲೀಕ ಸಿಟ್ಟಾದ. "ಇದೇನು ಹಾಲೇ, ಕೆಡುತ್ತದೆಂದು ಬರ್ಫದಲ್ಲಿಡಲಿಕ್ಕೆ?" ಮುಳುಗುಗಾರ ಮಾತ್ರ ಕೈಯ ಕೆಲಸ ಬಿಟ್ಟು ನೋಡುತ್ತಿದ್ದ.

ಚಹ ಮುಗಿಸಿ, ಡಬ್ಬಿಗಳು ಬಕೀಟಿನಲ್ಲಿರುವಂತೆಯೇ ಒಂದೊಂದಕ್ಕೆ ಸಿಲಿಂಡರು ಜೋಡಿಸಿ ಉಸಿರೆಳೆದೆ. ಹೊಳೆಯುವುದು ನನ್ನ ಗಲ್ಲವನ್ನು ಒಳಗೆಳೆಯಿತು, ಗಾಳಿ ಮಾತ್ರ ಕೊಡಲಿಲ್ಲ. ಬಿಚ್ಚಿಸಿ ನೋಡಿದರೆ ಅದರ ಪೊರೆ ರಟ್ಟಿನ ಹಾಗೆ ಸೆಟೆದಿತ್ತು, ಸನ್ನೆಗೆ ಯಾರೋ ಮೆತ್ತಿದ ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಕಿಲುಬಿನದು ಮಾತ್ರ ಮೊದಲು ಎಷ್ಟು ಬಿಗಿಯಿತ್ತೋ ಅಷ್ಟೇ. ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಚಳಿಗೆ ಮನುಷ್ಯ ದುಪ್ಪಟ್ಟು ಉಸಿರಾಡುತ್ತಾನೆ. ಆ ಹೊತ್ತಿಗೆ ಯಂತ್ರ ಜಿಪುಣನಾದರೆ ಕೆಲಸ ಮುಗಿಯಿತು.

ಮನಸ್ಸಿನಲ್ಲಿ ಆರಿಸಿದ್ದಾಯಿತು. ಬಾಯಲ್ಲಿ ಮಾತ್ರ ಹೊಳೆಯುವುದನ್ನೇ ಹೊಗಳಿದೆ. ಅದರ ಬೆಲೆಗೆ ನಿಟ್ಟುಸಿರು ಬಿಟ್ಟೆ. ಕಡೆಗೆ ಬಡವನ ಮುಖ ಮಾಡಿ, "ನಮ್ಮಂಥವರಿಗೆ ಈ ಕಿಲುಬಿನದೇ ಗತಿ" ಎಂದೆ. ಮಾಲೀಕ ನಂಬಿದ. ತುಂಬಿದ ಸಿಲಿಂಡರುಗಳನ್ನೂ ಸೇರಿಸಿ ವ್ಯವಹಾರ ಮುಗಿಯಿತು.

ಮುಗಿದ ಮೇಲೆ ನಾನು ಎದ್ದು ಹೋಗುವವನಲ್ಲ. ನಮ್ಮ ಕಡೆ ಸೇರು ತುಂಬಿ ಅಳೆದ ಮೇಲೆ ಮತ್ತೊಂದು ಹಿಡಿ ಹಾಕದಿದ್ದರೆ ವ್ಯಾಪಾರ ಮುಗಿದಂತಲ್ಲ. "ಕೊಸರು?" ಎಂದೆ. ಮಾಲೀಕನಿಗೆ ತಿಳಿಯಲಿಲ್ಲ. ವಿವರಿಸಿ ಹೇಳಿದೆ. "ಇದು ಜೋಳವಲ್ಲ" ಎಂದ. ನಾನು ಬಾಗಿಲಿಗೆ ಅಡ್ಡ ನಿಂತೇ ಇದ್ದೆ. ಕಡೆಗೆ ಬೇಸತ್ತು ಮೇಲಿನ ಹಲಗೆಯಿಂದ ಒಂದು ತಗಡಿನ ಡಬ್ಬಿ ತೆಗೆದು ಕೈಗೆ ತುರುಕಿದ. ಒಳಗೆ ಬಿಳಿ ಪುಡಿಯಲ್ಲಿ ಹೂತಿಟ್ಟ ಒಂದು ಪೊರೆ, ಒಂದು ಕೊಕ್ಕು.

ಮುಳುಗುಗಾರ ರಸ್ತೆಯ ತನಕ ಬಂದು ಬುದ್ಧಿ ಹೇಳಿದ. ಮೇಲೇಳುವಾಗ ಉಸಿರು ಹಿಡಿಯಬಾರದು. ಒತ್ತಿದ ಗಾಳಿ ಎದೆಯೊಳಗೆ ಹಿಗ್ಗುತ್ತದೆ. ಸಣ್ಣ ಗುಳ್ಳೆಗಿಂತ ಬೇಗ ಮೇಲೇಳಬಾರದು. ಮತ್ತೆ, ಎಣ್ಣೆ ದೂರವಿಡಿ, ಸಿಲಿಂಡರಿನ ಬಾಯಿಗೆ ತಾಗಿದರೆ ಬೆಂಕಿಯಾದೀತು.

ಈ ಮಾತುಗಳನ್ನೆಲ್ಲ ಗೋಕಾಕಕ್ಕೆ ಬಂದು ನಮ್ಮವರಿಗೆ ಹಾಗೆಯೇ ಒಪ್ಪಿಸಿದೆ. ನನ್ನ ಅಂಗಡಿಯ ಮೇಸ್ತ್ರಿ ಪಂಪು ಬಿಚ್ಚುವುದರಲ್ಲಿ ತಲೆ ನರೆಸಿಕೊಂಡವನು. ಯಂತ್ರವನ್ನು ಅವನ ಕೈಗೆ ಕೊಟ್ಟು, ಉಜ್ಜಿ ಚೊಕ್ಕ ಮಾಡಿಡಲು ಹೇಳಿ ಸಾಹೇಬರನ್ನು ಕಾಣಲು ಹುಕ್ಕೇರಿಗೆ ಹೋದೆ. ಸಾಹೇಬರು ಆಗಲೇ ಮರ ಎಳೆಯುವ ಎತ್ತು, ಹಗ್ಗ, ಜನ ಎಲ್ಲ ಗೊತ್ತುಮಾಡಿದ್ದರು.

ಮರುದಿನ ಕುಲಗೋಡದಲ್ಲಿ ನನ್ನ ಅಕ್ಕನ ಮನೆಯ ಮೆಟ್ಟಿಲುಬಾವಿಯಲ್ಲಿ ಪರೀಕ್ಷೆ. ಅಂಬಿಗ ಯಂತ್ರ ಕಟ್ಟಿಕೊಂಡು ಮೆಟ್ಟಿಲಿಳಿದು ಮುಳುಗಿದ. ಗುಳ್ಳೆ ಬಂದವು. ನಾವು ಹಿಗ್ಗಿದೆವು. ಮರುಗಳಿಗೆಗೆ ಅವನೇ ಮೇಲೆ ಬಂದು ಮೆಟ್ಟಿಲ ಮೇಲೆ ಕವುಚಿ ಬಿದ್ದು ಕೆಮ್ಮಿದ. ಒಂದೊಂದು ಉಸಿರಿಗೂ ಒಂದೊಂದು ಗುಟುಕು ನೀರು ಒಳಗೆ ಬರುತ್ತಿತ್ತು.

ಅಲ್ಲೇ ಡಬ್ಬಿ ಬಿಚ್ಚಿದೆ. ಕೊಕ್ಕು ಉಬ್ಬಿ ತುಟಿಯೆರಡೂ ಅಲೆಅಲೆಯಾಗಿ ನಿಂತಿದ್ದವು, ಕೂಡುತ್ತಿರಲಿಲ್ಲ. ಪೊರೆ ಹಪ್ಪಳದಂತೆ ಸುಕ್ಕಾಗಿತ್ತು. ಮೂಗಿಗೆ ಅಡುಗೆಮನೆಯ ವಾಸನೆ ಹೊಡೆಯಿತು.

"ಇದಕ್ಕ ಎಣ್ಣಿ ಯಾರ ಹಚ್ಚಿದ್ರು?"

ಮೇಸ್ತ್ರಿ ಎದೆಯುಬ್ಬಿಸಿ ಮುಂದೆ ಬಂದ. "ನಾನ್ರಿ. ವಾಶರ ಒಣಾ ಕೂಡಸಾಕ ಬರತೈತೇನ್ರಿ? ಇಡೀ ರಾತ್ರಿ ಶೇಂಗಾ ಎಣ್ಯಾಗ ನೆನೀ ಇಟ್ಟಿದ್ನಿ. ಬಾಟ್ಲಿ ಬಾಯಿಗೆ ಮಾತ್ರ ಒಂದ ಹನಿ ತಾಗ್ಸಿಲ್ಲ, ನೀವು ಹೇಳಿದಂಗ."

ಹೇಳಿದ ಹಾಗೆಯೇ ಮಾಡಿದ್ದ, ಅವನನ್ನು ಬೈಯುವುದೇನು? ನಮ್ಮಲ್ಲಿ ವಾಶರೆಂದರೆ ಚರ್ಮದ್ದು. ಚರ್ಮ ಎಣ್ಣೆ ಕುಡಿದರೆ ಮೆತ್ತಗಾಗುತ್ತದೆ. ಗೋಕಾಕದಿಂದ ಸಂಕೇಶ್ವರದವರೆಗೆ ಯಾವ ಮೇಸ್ತ್ರಿಯ ಕೈಗೆ ಕೊಟ್ಟಿದ್ದರೂ ಎಣ್ಣೆಯಲ್ಲೇ ನೆನೆಸುತ್ತಿದ್ದ. ರಬ್ಬರು ಎಣ್ಣೆ ಕುಡಿದರೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ.

ಅಂಬಿಗ ಕೆಮ್ಮು ನಿಲ್ಲಿಸಿ ಹೇಳಿದ. "ಅದಕ್ಕ ಮತ್ತ! ಉಸರ ಎಳದಾಗೊಮ್ಮೆ ಒಗ್ಗರಣಿ ಬಾಯಾಗ ಬರಾಕತ್ತಿತ್ತು. ಎರಡ ರೊಟ್ಟಿ ಒಯ್ಯಬೇಕಾಗಿತ್ತ ಕೆಳಗ."

ಆಮೇಲೆ ಅವನೇ ಗಂಭೀರವಾದ. "ನಾಳಿ ಅಲ್ಲಿ ಎತ್ತು ಮಂದಿ ಕೂಡತೈತಿ. ಒಂದೊಂದ ಗುಟುಕ ಬಂದ್ರ ನುಂಗತೇನ್ರಿ. ಕೆರಿ ನೀರ, ವಿಷಾ ಏನಲ್ಲ."

ನುಂಗುತ್ತಿದ್ದ, ಅವನು ಅಂಥವನೇ. ಆದರೆ ಆರಾಳು ಕೆಳಗೆ, ಕೈ ಸೆಟೆದು, ಬೇರುಗಳ ನಡುವೆ ಒಮ್ಮೆ ಕೆಮ್ಮು ಹತ್ತಿದರೆ? ಕೆಮ್ಮುವವನು ಹೆದರುತ್ತಾನೆ, ಹೆದರಿದವನು ಉಸಿರು ಹಿಡಿದು ಮೇಲಕ್ಕೆ ಚಿಮ್ಮುತ್ತಾನೆ, ಅದನ್ನೇ ಮಾಡಬಾರದೆಂದು ಬೊಂಬಾಯಿಯವನು ಹೇಳಿದ್ದು. ಹೊಳೆಯ ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದವಳು ಕಣ್ಣ ಮುಂದೆ ಬಂದಳು.

"ನಾಳಿ ಯಾರೂ ಇಳಿಯೂದಿಲ್ಲ" ಎಂದೆ.

ಸಾಹೇಬರಿಗೆ ಹೇಳಿ ಕಳಿಸಿದ್ದಕ್ಕೆ ಅವರೇ ಜೀಪಿನಲ್ಲಿ ಬಂದರು. "ಊರಿಗೆಲ್ಲ ಹೇಳಿದ್ದೇನೆ. ಈಗ ಏನಂತ ಹೇಳಲಿ?"

"ರಬ್ಬರ ಉಬ್ಬೈತಿ ಅಂತ ಹೇಳ್ರಿ, ಸಾಹೇಬ್ರ."

"ಒಂದು ರಬ್ಬರಿಗೆ ಇಷ್ಟು ಜನ ಕಾಯಬೇಕೇನ್ರಿ?"

ನಾನು ವಾದ ಮಾಡಲಿಲ್ಲ. ಡಬ್ಬಿಯನ್ನು ನೀರು ತುಂಬಿದ ಹಂಡೆಯಲ್ಲಿ ಮುಳುಗಿಸಿ ಬಾಯಿತುಂಡನ್ನು ಅವರ ಕೈಗೆ ಕೊಟ್ಟೆ. ಎರಡು ಉಸಿರೆಳೆದರು. ನೀರು ಉಗುಳಿದರು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, "ಕಾಯಲಿ. ನಾನು ಹೇಳ್ತೇನೆ" ಎಂದು ಜೀಪು ಹತ್ತಿದರು. ಒಳ್ಳೆಯ ಮನುಷ್ಯ.

ಆಗ ತೆಗೆದೆ ಕೊಸರಿನ ಡಬ್ಬಿ. ಅದುವರೆಗೆ ಅದು ನನ್ನ ಚೀಲದ ತಳದಲ್ಲಿ ಕರದಂಟಿನ ಖಾಲಿ ಕಾಗದದ ಜೊತೆ ಬಿದ್ದಿತ್ತು. ಮೇಸ್ತ್ರಿಯ ಕೈಗೆ ಹೋಗಿದ್ದರೆ ಅದಕ್ಕೂ ಎಣ್ಣೆಸ್ನಾನವಾಗುತ್ತಿತ್ತು. ಹಿತ್ತಾಳೆಯನ್ನೂ ನಳಿಕೆಗಳನ್ನೂ ಅಂಟುವಾಳದ ನೊರೆಯಿಂದ ತೊಳೆದೆವು. ಪೊರೆ ಅಳೆದು ಮಾಡಿದಂತೆ ಕೂತಿತು. ಕೊಕ್ಕಿನ ಕುತ್ತಿಗೆ ಮಾತ್ರ ತುಸು ಸಡಿಲ. ಮೇಸ್ತ್ರಿ ತಂತಿ ತಂದ, ಅಂಬಿಗ ಬೇಡವೆಂದ, ತಂತಿ ರಬ್ಬರನ್ನು ಕಡಿಯುತ್ತದೆ. ಬಲೆಯ ಹುರಿಯಿಂದ ಸುತ್ತಿ, ನೆನೆದಷ್ಟೂ ಬಿಗಿಯುವ ತನ್ನ ಗಂಟು ಹಾಕಿದ. ಗೋಕಾಕದ ಸೋಡಾ ಅಂಗಡಿಯಿಂದ ಗೋಣಿತಟ್ಟಿನಲ್ಲಿ ಸುತ್ತಿ ಬರ್ಫ ತರಿಸಿ ಹಂಡೆಗೆ ಹಾಕಿ ಮತ್ತೆ ಪರೀಕ್ಷೆ. ಬಿಗಿಯಾಗಲಿಲ್ಲ, ಸೋರಲಿಲ್ಲ.

ಅಷ್ಟಾದರೂ ನನಗೆ ಸಮಾಧಾನವಿಲ್ಲ. ಬೆಲ್ಲ ಕೊಂಡರೆ ಮೊದಲ ತುಣುಕು ನನ್ನ ಬಾಯಿಗೇ ಹೋಗಬೇಕು. ಅದು ನನ್ನ ಪದ್ಧತಿ. ಅವನ ಬಾಯಿಗಿಡುವ ಮುಂಚೆ ನನ್ನ ಬಾಯಿಗಿಟ್ಟು ನೋಡಬೇಕು, ಹಂಡೆಯ ಬಾಜೂ ಕೂತಲ್ಲ, ನೀರಿನೊಳಗೆ. ನನಗೋ ಈಜು ಅಷ್ಟಕ್ಕಷ್ಟೆ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬೆಳಗಿನ ಚಳಿಯಲ್ಲಿ ಮೆಟ್ಟಿಲಿಳಿದೆ. ಅಕ್ಕ ಮೇಲಿಂದ, "ಮುದುಕಾಗಾಕ ಬಂದಾನ, ಬುದ್ಧಿ ಎಲ್ಲಿ ಮಾರಿ ಬಂದಾನೋ" ಎಂದು ಬಾವಿಗೆ ಕೇಳುವಂತೆ ಬೈಯುತ್ತಿದ್ದಳು.

ನೀರಿನೊಳಗೆ ಮೊದಲ ಉಸಿರೆಳೆಯುವುದಿದೆಯಲ್ಲ, ಅದು ಹೇಳುವಷ್ಟು ಸುಲಭವಲ್ಲ. ತಲೆ ಎಳೆ ಎನ್ನುತ್ತದೆ, ಎದೆ ಬೇಡ ಎನ್ನುತ್ತದೆ. ಕಣ್ಣು ಮುಚ್ಚಿ ಎಳೆದೆ. ಒಣ ಗಾಳಿ, ಸ್ವಲ್ಪ ಹಿತ್ತಾಳೆಯ ರುಚಿ. ಬಿಟ್ಟೆ. ಕಿವಿಯ ಹಿಂದೆ ಗುಳುಗುಳು ಸದ್ದು. ಮತ್ತೆ ಎಳೆದೆ. ಮೈ ಮರಗಟ್ಟಿ ಉಸಿರು ಧಾವಿಸತೊಡಗಿತು, ಯಂತ್ರವೂ ಧಾವಿಸಿಯೇ ಕೊಟ್ಟಿತು. ಬಾಯಿಗೆ ಒಂದು ಹನಿ ನೀರು ಬರಲಿಲ್ಲ.

ತಲೆ ಮೇಲೆತ್ತಿದಾಗ ಅಂಬಿಗ ಬಗ್ಗಿ ನೋಡುತ್ತಿದ್ದ. "ಜೀವ ಐತೇನ್ರಿ?"

"ಐತೋ."

"ಹಂಗರ ಮಾಲ ಚಲೋ ಐತಿ. ಕೊಡ್ರಿ ಇತ್ತ."

ಅವನಿಗೆ ಕಲಿಸುವುದು ಒಂದೇ ಉಳಿದಿತ್ತು. ಹುಟ್ಟಿದಾಗಿನಿಂದ ಉಸಿರು ಹಿಡಿದು ಮುಳುಗಿದವನಿಗೆ ಮೇಲೇಳುವಾಗ ಉಸಿರು ಹಿಡಿಯಬೇಡ ಎಂದರೆ ಮರೆತೇ ಹೋಗುತ್ತದೆ. ದೋಣಿಗೆ ಹುಟ್ಟು ಹಾಕುವಾಗ ಗುನುಗುತ್ತಿಯಲ್ಲ, ಹಾಗೆ ಗುನುಗುತ್ತ ಮೇಲೆ ಬಾ ಎಂದೆ. ಗುನುಗುವವನ ಉಸಿರು ಹೊರಗೆ ಹೋಗುತ್ತಲೇ ಇರುತ್ತದೆ. ಬಾವಿಯಲ್ಲಿ ಮತ್ತೆ ಮತ್ತೆ ಮಾಡಿಸಿದೆ, ಗುನುಗದೆ ಬಂದರೆ ಮತ್ತೆ ಇಳಿಸಿದೆ.

ಕೆರೆಯ ದಿನ ಬಿಸಿಲೇರಿದ ಮೇಲೆ ಕೆಲಸ ಶುರು ಮಾಡಿದೆವು. ಅವನ ಮೈಗೆ ಕುರುಬರ ಉಣ್ಣೆಯ ದಪ್ಪ ಅಂಗಿ, ಸೊಂಟಕ್ಕೆ ಭಾರದ ಕಬ್ಬಿಣ, ಕೈಯಲ್ಲಿ ಗರಗಸ. ಹಗ್ಗದ ಸನ್ನೆ ಗೊತ್ತುಮಾಡಿದ್ದೆವು. ನಾನು ಒಂದು ಸಲ ಜಗ್ಗಿದರೆ ಅವನೂ ಒಂದು ಸಲ ಜಗ್ಗಬೇಕು, ಅಂದರೆ ಎಲ್ಲ ಚಲೋ. ಬಿಡದೆ ಜಗ್ಗಿದರೆ ಎಳೆದುಕೊಳ್ಳಿ ಎಂದರ್ಥ. ದೋಣಿಯಲ್ಲಿ ನಾನು, ಮೇಸ್ತ್ರಿ. ಕೆರೆಯ ಒಡ್ಡಿನ ಮೇಲೆ ಸಾಹೇಬರು, ಜನ, ಎತ್ತು.

ಮೊದಲ ಸಿಲಿಂಡರು ನಾವೆಣಿಸಿದ್ದಕ್ಕಿಂತ ಬೇಗ ಮುಗಿಯಿತು. ಚಳಿಯ ಲೆಕ್ಕ ಅದು. ಗುನುಗುತ್ತ ಮೇಲೆ ಬಂದ, ಬೇರು ಅರ್ಧ ಕೊಯ್ದಾಗಿದೆ ಎಂದ, ಬಿಸಿ ಚಹ ಕುಡಿದ, ಇನ್ನೊಂದು ಸಿಲಿಂಡರು ಕಟ್ಟಿಸಿಕೊಂಡು, ಮರ ಎಳೆಯುವ ಸರಪಳಿಯ ತುದಿ ಹಿಡಿದು ಇಳಿದ. ಸ್ವಲ್ಪ ಹೊತ್ತಿನ ಮೇಲೆ ನಾನು ಜಗ್ಗಿದೆ. ಉತ್ತರವಿಲ್ಲ. ಮತ್ತೆ ಜಗ್ಗಿದೆ. ಕಂಬಕ್ಕೆ ಕಟ್ಟಿದ ಹಾಗೆ ಹಗ್ಗ ಬಿಗಿದು ನಿಂತಿತ್ತು.

"ಎಳಿಯೂಣ್ರಿ ಸಾವ್ಕಾರ್ರ!" ಎಂದ ಮೇಸ್ತ್ರಿ. ಅವನು ಹಗ್ಗಕ್ಕೆ ಕೈ ಹಾಕಿಯೇಬಿಟ್ಟ. ಅವನ ಕೈ ಹಿಡಿದೆ.

"ಗುಳ್ಳಿ ನೋಡು ಮೊದಲ."

ಗುಳ್ಳೆಗಳು ಬರುತ್ತಿದ್ದವು. ಒಂದೇ ಜಾಗದಲ್ಲಿ, ಒಂದೇ ತಾಳಕ್ಕೆ. ಒಂದು ಗೊಂಚಲು, ತುಸು ಬಿಡುವು, ಮತ್ತೊಂದು ಗೊಂಚಲು. ಹೆದರಿದವನ ಗುಳ್ಳೆ ಕುದಿಯುತ್ತದೆ, ಹೋದವನದು ನಿಲ್ಲುತ್ತದೆ. ಇದು ಎರಡೂ ಅಲ್ಲ. ಅವನು ಬೇರಿನ ಸಂದಿಯಲ್ಲಿದ್ದರೆ ನಮ್ಮ ಎಳೆತವೇ ಅವನನ್ನು ಸಿಕ್ಕಿಸುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹಗ್ಗ ಮಾತ್ರ ಕೈಯಿಂದ ಬಿಡಲಿಲ್ಲ. ಒಂದೊಂದು ಗೊಂಚಲಿಗೂ ಆ ಎರಡು ರಬ್ಬರಿನ ತುಂಡುಗಳನ್ನೇ ನೆನೆಯುತ್ತಿದ್ದೆ. ಕೊಕ್ಕು ತೆರೆಯಿತು, ಮುಚ್ಚಿತು. ತೆರೆಯಿತು, ಮುಚ್ಚಿತು.

ಹಗ್ಗ ಸಡಿಲಾಯಿತು. ಒಂದು ಸಲ ಜಗ್ಗಿತು.

ಮೇಸ್ತ್ರಿ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ. ಸ್ವಲ್ಪದರಲ್ಲೇ ಗುಳ್ಳೆಗಳ ಜೊತೆ ಅಂಬಿಗನ ತಲೆ ಮೇಲೆ ಬಂತು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಾಯಿತುಂಡು ಉಗುಳಿದ.

"ಹಗ್ಗಾ ಟೊಂಗಿಗೆ ಸುತ್ತಿತ್ರಿ, ಬಿಡಸ್ಕೋತ ಕುಂತಿದ್ನಿ. ಬೇರು ಹೋತು. ಸರಪಳಿ ಹಾಕಿ ಬಂದೇನಿ. ಎಳೀರಿ ಇನ್ನ."

"ಬಾಯಾಗ ನೀರು?"

"ಒಂದ ಹನಿ ಬರಲಿಲ್ಲ. ಒಗ್ಗರಣಿನೂ ಬರಲಿಲ್ಲ" ಎಂದು ಮೇಸ್ತ್ರಿಯ ಕಡೆ ನೋಡಿದ.

ಅವನನ್ನು ದಡಕ್ಕೆ ತಂದು ಕಂಬಳಿ ಹೊದಿಸಿದ ಮೇಲೆಯೇ ಎತ್ತು ಹೂಡಲು ಬಿಟ್ಟೆ. ಮರ ಕೆಸರು ಕಾರುತ್ತ ಮೇಲೆ ಬಂತು. ಅದರ ಪೊಟರೆಯಲ್ಲಿ ಮನೆ ಮಾಡಿದ್ದ ಮೀನುಗಳು ಒಡ್ಡಿನ ಮೇಲೆ ಚೆಲ್ಲಿ ಒದ್ದಾಡಿದವು, ಜನ ಮುಗಿಬಿದ್ದರು. ಸಾಹೇಬರೇ ಮುಂದಾಗಿ ತಿರುಪಿಗೆ ಕೈ ಹಾಕಿದರು. ಬಾಗಿಲು ನರಳುತ್ತ ಎದ್ದಿತು. ಆಚೆಯ ಕಾಲುವೆಯಲ್ಲಿ ಮೊದಲು ಸದ್ದು, ಆಮೇಲೆ ಕೆಂಪು ನೀರು. ಎಲ್ಲರೂ ಅತ್ತ ಓಡಿದರು. ನಾನು ಬೆಂಕಿಯ ಬಾಜೂ ಕೂತು ಅಂಬಿಗನ ಕೈ ಉಜ್ಜುತ್ತಿದ್ದೆ. ಬೆರಳು ಮಡಚಿದವು.

ಅವನ ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹೆಂಡತಿ ದಂಡೆಯಲ್ಲೇ ನಿಂತಿದ್ದಳು. ಅವನನ್ನು ನೋಡಿದಳು. ಸೆರಗಿನಿಂದ ಒಮ್ಮೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಒಯ್ದಂಗ ತಂದೇನವ್ವಾ. ತೂಕಾ ಮಾಡಿ ನೋಡ್ಕೋ" ಎಂದೆ.

"ತೂಕಾ ಸರಿ ಐತ್ರಿ ಅಣ್ಣಾರ" ಎಂದಳು. "ಕೊಸರು?"

ಬೊಂಬಾಯಿಯ ಮಾಲೀಕನ ಮುಂದೆ ಬಾಗಿಲಿಗೆ ಅಡ್ಡ ನಿಂತವನು ಅವಳ ಮುಂದೆ ಚೀಲ ತಡಕಿದೆ, ಕರದಂಟಿನ ಖಾಲಿ ಕಾಗದ ಸಿಕ್ಕಿತು. ಅಂಬಿಗ ಕಂಬಳಿಯೊಳಗಿಂದ ಕೈ ಹೊರಗೆ ಚಾಚಿದ. ತಲೆಯ ಪಟಕಾವನ್ನು ಒದ್ದೆ ಮಾಡಿ ಅದರಲ್ಲಿ ಸುತ್ತಿ ತಂದ, ಆ ಮರದ ಪೊಟರೆಯ ಮೀನೊಂದು ಇನ್ನೂ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.